ತಿದ್ದುವ ಕೈ ಯಾರದು?

ಕಳೆದ ಸಂಚಿಕೆಯಲ್ಲಿ ಕಥಾಕಮ್ಮಟಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಸುತ್ತುತ್ತಿವೆ: ಬರೆದ ಕತೆಯನ್ನು ನಾಲ್ಕು ಜನರಿಗೆ ತೋರಿಸಿದ ಮೇಲೆ ಅವರಾಡಿದ ಮಾತುಗಳನ್ನು ಏನು ಮಾಡಬೇಕು? ಅವುಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ. ಅದನ್ನು ಬರೆದವರು ತಮ್ಮ ಕತೆಯ ಪೂರ್ತಿ ಹಸ್ತಪ್ರತಿಯನ್ನು ಜೊತೆಗಿಟ್ಟು, ಅದರ ಭಾಗಗಳನ್ನು ಇಲ್ಲಿ ಬಳಸಿಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ.

ಪ್ರಶ್ನೆ: ನಮ್ಮೂರಿನಲ್ಲಿ ಕತೆ ಬರೆಯುವ ಐದು ಜನ ತಿಂಗಳಿಗೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಈ ಸಲ ನನ್ನ ಕತೆಯ ಸರದಿ ಇತ್ತು. ಅಪ್ಪನ ವರ್ಷಾಂತಿಕಕ್ಕೆಂದು ತವರಿಗೆ ಬಂದ ಹೆಣ್ಣುಮಗಳಿಂದ ಅಣ್ಣ ಆಸ್ತಿಯ ಹಕ್ಕನ್ನು ಬರೆಸಿಕೊಳ್ಳುವುದು ಅದರ ವಸ್ತು. ನಿವೃತ್ತ ಶಿಕ್ಷಕರೊಬ್ಬರು ಅತ್ತಿಗೆಯನ್ನು ಇಷ್ಟು ಕೆಟ್ಟವಳನ್ನಾಗಿ ಮಾಡಬಾರದಿತ್ತು ಎಂದರು. ಕಾಲೇಜಿನ ಹುಡುಗನೊಬ್ಬ ಕೊನೆಯ ಜಗಳದಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು ಎಂದ. ಬ್ಯಾಂಕಿನಲ್ಲಿರುವ ಗೆಳತಿ ಮುಕ್ತಾಯ ಮೊದಲೇ ಗೊತ್ತಾಗಿಬಿಡುತ್ತದೆ ಎಂದರು. ಉಪನೋಂದಣಿ ಕಚೇರಿಯಲ್ಲಿ ಕೆಲಸ ಮಾಡುವ ಇನ್ನೊಬ್ಬರು, ಅಣ್ಣ ಮನೆಯಲ್ಲೇ ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರೆ ಆಸ್ತಿ ಹೋಗುವುದಿಲ್ಲ ಎಂದು ನಕ್ಕರು. ಯಾರ ಮಾತು ಕೇಳಲಿ? ಎಲ್ಲರ ಮಾತನ್ನೂ ಕೇಳಿದರೆ ಕತೆಯೇ ಉಳಿಯುವುದಿಲ್ಲ. (ಓದುಗರೊಬ್ಬರು, ಹಾವೇರಿ)

ಉತ್ತರ: ನಾಲ್ಕನೆಯವರ ಮಾತನ್ನು ಮೊದಲು ಕೇಳಿ. ಅದು ಅಭಿಪ್ರಾಯವಲ್ಲ, ಮಾಹಿತಿ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು; ಬರೆದುಕೊಟ್ಟವರು ಉಪನೋಂದಣಾಧಿಕಾರಿಯ ಎದುರು ಹಾಜರಾಗಿ, ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಬೇಕು. ನಿಮ್ಮ ಕತೆಯಲ್ಲಿ ಊಟದ ನಂತರ ಅಣ್ಣ ಕಾಗದ ಮುಂದಿಟ್ಟು, ಶಾಂತಕ್ಕ ಕಣ್ಣೀರು ಒರೆಸಿಕೊಂಡು ಸಹಿ ಹಾಕಿ, ಅಲ್ಲಿಗೆ ಎಲ್ಲವೂ ಮುಗಿಯುತ್ತದೆ. ಈ ವ್ಯವಹಾರ ಬಲ್ಲ ಯಾವ ಓದುಗನಾದರೂ ಆ ಪುಟದಲ್ಲಿ ಕತೆಯನ್ನು ಕೆಳಗಿಡುತ್ತಾನೆ. ನಿಮ್ಮ ಗೆಳೆಯರು ನಕ್ಕದ್ದಕ್ಕೆ ಬೇಸರಪಡಬೇಡಿ, ಅವರು ನಿಮಗೊಂದು ದೃಶ್ಯವನ್ನೇ ಕೊಟ್ಟಿದ್ದಾರೆ. ಅಣ್ಣತಂಗಿ ಒಟ್ಟಿಗೆ ಬಸ್ಸಿನಲ್ಲೋ ಬೈಕಿನಲ್ಲೋ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು, ಕಚೇರಿಯ ಬೆಂಚಿನ ಮೇಲೆ ಸರದಿ ಬರುವವರೆಗೆ ಅಕ್ಕಪಕ್ಕ ಕೂರಬೇಕು, ನಡುವೆ ಅಣ್ಣ ಅವಳಿಗೆ ಚಹಾ ತರಿಸಿಕೊಡಲೂಬಹುದು, ಮತ್ತು ಬೇಡ ಎಂದು ಎದ್ದುಬರಲು ಅವಳಿಗೆ ಅಷ್ಟು ಹೊತ್ತೂ ಅವಕಾಶವಿರುತ್ತದೆ. ಮನೆಯೊಳಗಿನ ಕಣ್ಣೀರಿಗಿಂತ ಆ ಬೆಂಚಿನ ಮೇಲಿನ ಮೌನದಲ್ಲಿ ಕತೆ ಹೆಚ್ಚಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು, ದೇಶಕ್ಕೆಲ್ಲ 2005ರಲ್ಲಿ ಬಂತು. ಹೀಗಾಗಿ ಶಾಂತಕ್ಕ ಏನೂ ತಿಳಿಯದೆ ಕಳೆದುಕೊಳ್ಳುತ್ತಾಳೋ, ತಿಳಿದೂ ಬಿಟ್ಟುಕೊಡುತ್ತಾಳೋ ಎಂಬುದನ್ನು ನೀವು ನಿರ್ಧರಿಸಬೇಕಾಗುತ್ತದೆ. ಈಗಿನ ಕರಡು ಅದನ್ನು ನಿರ್ಧರಿಸಿಲ್ಲ.

ಇನ್ನು ಉಳಿದ ಮೂವರ ವಿಷಯ. ಮೇಲ್ನೋಟಕ್ಕೆ ಮೂವರೂ ಮೂರು ದಿಕ್ಕಿಗೆ ಎಳೆಯುತ್ತಿದ್ದಾರೆ ಎನಿಸುತ್ತದೆ. ಆದರೆ ಗುಂಪಿನಲ್ಲಿ ಬರುವ ಪ್ರತಿ ಮಾತಿನಲ್ಲೂ ಎರಡು ಪದರಗಳಿರುತ್ತವೆ: ಓದುವಾಗ ತನಗೆ ಏನಾಯಿತು ಎಂಬ ವರದಿ ಒಂದು, ಅದಕ್ಕೆ ನೀವೇನು ಮಾಡಬೇಕು ಎಂಬ ಸಲಹೆ ಇನ್ನೊಂದು. ವರದಿಯನ್ನು ತಳ್ಳಿಹಾಕುವ ಅಧಿಕಾರ ಬರೆದವರಿಗಿಲ್ಲ, ಏಕೆಂದರೆ ಓದಿದವರು ಅವರು. ಸಲಹೆಯನ್ನು ಒಪ್ಪಲೇಬೇಕಾದ ಹಂಗೂ ಬರೆದವರಿಗಿಲ್ಲ, ಏಕೆಂದರೆ ಕತೆ ಹೋಗಬೇಕಾದ ಜಾಗ ಸಲಹೆ ಕೊಟ್ಟವರಿಗೆ ಗೊತ್ತಿಲ್ಲ. ನಮ್ಮ ಗೋಷ್ಠಿಗಳಲ್ಲಿ ಜನ ವರದಿಯನ್ನು ನುಂಗಿಕೊಂಡು ಸಲಹೆಯನ್ನಷ್ಟೇ ಹೇಳುತ್ತಾರೆ, ಸಲಹೆ ಹೇಳುವುದು ಹೆಚ್ಚು ಘನತೆಯ ಕೆಲಸವೆಂದು ಭಾವಿಸುತ್ತಾರೆ. ಹೀಗಾಗಿ ಸಲಹೆಯನ್ನು ಬಿಡಿಸಿ ಒಳಗಿನ ವರದಿಯನ್ನು ಹೊರತೆಗೆಯುವ ಕೆಲಸ ನಿಮ್ಮ ಮೇಲೆಯೇ ಬೀಳುತ್ತದೆ.

ಬಿಡಿಸಿ ನೋಡೋಣ. ಅತ್ತಿಗೆ ತೀರ ಕೆಟ್ಟವಳಾದಳು ಎಂದವರು ಅವಳನ್ನು ಒಬ್ಬ ಮನುಷ್ಯಳಾಗಿ ಕಾಣಲು ತಮಗೆ ಸಾಧ್ಯವಾಗಲಿಲ್ಲ ಎನ್ನುತ್ತಿದ್ದಾರೆ. ಜಗಳದಿಂದ ಶುರುಮಾಡು ಎಂದ ಹುಡುಗನಿಗೆ ಮೊದಲ ಪುಟಗಳು ಎಳೆದಂತಾಗಿವೆ. ಮುಕ್ತಾಯ ಗೊತ್ತಾಯಿತು ಎಂದವರಿಗೆ ನಡುವೆ ಕಾಯಲು ಏನೂ ಇರಲಿಲ್ಲ. ಈಗ ನಿಮ್ಮ ಕತೆಯ ಮೊದಲ ಪ್ಯಾರಾವನ್ನು ಇಲ್ಲಿ ಇಡುತ್ತೇನೆ:

“ಶಾಂತಕ್ಕ ಬಸ್ಸಿನಿಂದ ಇಳಿದಾಗ ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಬಹಳ ವರ್ಷಗಳ ನಂತರ ತವರಿಗೆ ಬರುತ್ತಿದ್ದ ಅವಳ ಮನಸ್ಸು ಭಾರವಾಗಿತ್ತು. ಆಸ್ತಿಯ ವಿಷಯದಲ್ಲಿ ಅಣ್ಣ ತನಗೆ ಅನ್ಯಾಯ ಮಾಡುತ್ತಿದ್ದಾನೆಂಬ ನೋವು ಅವಳಲ್ಲಿ ಮಡುಗಟ್ಟಿತ್ತು. ಆದರೂ ರಕ್ತಸಂಬಂಧವಲ್ಲವೇ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳು. ಅತ್ತಿಗೆ ಬಾಗಿಲಲ್ಲಿ ನಿಂತು ನಗುತ್ತ ಬರಮಾಡಿಕೊಂಡಳು. ಆದರೆ ಆ ನಗುವಿನ ಹಿಂದೆ ಕಪಟವಿತ್ತು.”

ಮೂವರೂ ಬೆರಳಿಟ್ಟಿರುವುದು ಈ ಪ್ಯಾರಾದ ಮೇಲೆಯೇ. ಅವರಿಗದು ಗೊತ್ತಿಲ್ಲ, ಅಷ್ಟೆ. ಆರು ವಾಕ್ಯಗಳಲ್ಲಿ ನೀವು ಅಣ್ಣನ ಅನ್ಯಾಯ, ತಂಗಿಯ ನೋವು, ಅವಳು ಕೊನೆಗೆ ಮಣಿಯಲಿರುವ ಸ್ವಭಾವ, ಅತ್ತಿಗೆಯ ಕಪಟ ಎಲ್ಲದರ ಮೇಲೂ ತೀರ್ಪು ಕೊಟ್ಟು ಮುಗಿಸಿದ್ದೀರಿ. ಮುಂದಿನ ಒಂಬತ್ತು ಪುಟ ಆ ತೀರ್ಪಿಗೆ ಸಾಕ್ಷಿ ಒದಗಿಸುವ ಕೆಲಸವಷ್ಟೇ ಆಗಿದೆ. ಶಿಕ್ಷಕರ ಸಲಹೆಯಂತೆ ಅತ್ತಿಗೆಗೆ ಎರಡು ಒಳ್ಳೆಯ ಮಾತು ಕೊಟ್ಟರೂ, ನಗುವಿನ ಹಿಂದಿನ ಕಪಟ ಮೊದಲ ಪುಟದಲ್ಲೇ ಇರುವುದರಿಂದ ಓದುಗ ಆ ಮಾತುಗಳನ್ನು ನಂಬುವುದಿಲ್ಲ. ಹುಡುಗನ ಸಲಹೆಯಂತೆ ಜಗಳವನ್ನು ಮುಂದೆ ತಂದರೆ ತೀರ್ಪು ಇನ್ನೂ ಬೇಗ ಬಂದಂತಾಗುತ್ತದೆ. ಮೂವರ ಮದ್ದೂ ತಪ್ಪು, ಮೂವರು ತೋರಿಸಿದ ಜಾಗ ಮಾತ್ರ ಸರಿ. ಹಲವರು ಬೇರೆ ಬೇರೆ ಕಾರಣ ಕೊಟ್ಟು ಎಡವಿದ್ದು ಒಂದೇ ಕಡೆಯಾದರೆ ಅಲ್ಲಿ ನಿಜವಾಗಿಯೂ ಏನೋ ಇದೆ ಎಂದು ತಿಳಿಯಿರಿ. ಒಬ್ಬರೇ ಎಡವಿದ್ದರೆ ಸ್ವಲ್ಪ ಕಾದು ನೋಡಬಹುದು.

ನಿಮ್ಮ ನಾಲ್ಕನೆಯ ಪುಟದಲ್ಲಿ, ಯಾವುದೋ ಸಂಭಾಷಣೆಯ ನಡುವೆ, ಅಪ್ಪನ ಕಪಾಟು ಇದ್ದ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು ಎಂಬ ಸಾಲೊಂದು ಬರುತ್ತದೆ. ಇಡೀ ಕತೆಯಲ್ಲಿ ನಿಮ್ಮ ಕಣ್ಣು ನಿಜವಾಗಿ ನೋಡಿ ಬರೆದ ಸಾಲು ಅದು. ಅದನ್ನೇ ಮುಂದಕ್ಕೆ ತಂದರೆ ಏನಾಗಬಹುದು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಇದನ್ನು ಹಾಗೆಯೇ ನಕಲು ಮಾಡಬೇಡಿ.

“ಅತ್ತಿಗೆ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಟ್ಟಳು. ‘ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಕ್ಕಿತ್ತಿಲ್ಲೋ, ಶಾಂತಕ್ಕ?’ ಎಂದಳು. ಪಡಸಾಲೆಯಲ್ಲಿ ಅಪ್ಪನ ಫೋಟೋ ಇತ್ತು, ಅಪ್ಪನ ಕಪಾಟು ಇರಲಿಲ್ಲ. ಅದಿದ್ದ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಶಾಂತಕ್ಕ ಎಲ್ಲಿ ಕೂರಬೇಕೆಂದು ತಿಳಿಯದೆ, ಅತ್ತಿಗೆ ಹೇಳುವವರೆಗೂ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದಳು.”

ಇಲ್ಲಿ ಅತ್ತಿಗೆ ಒಳ್ಳೆಯವಳೋ ಕೆಟ್ಟವಳೋ ಗೊತ್ತಿಲ್ಲ. ಕಪಾಟು ಎಲ್ಲಿಗೆ ಹೋಯಿತೆಂದು ಗೊತ್ತಿಲ್ಲ. ಹುಟ್ಟಿದ ಮನೆಯಲ್ಲಿ ಕೂರಲು ಅಪ್ಪಣೆಗೆ ಕಾಯುವ ಹೆಣ್ಣುಮಗಳು ಮುಂದೇನು ಮಾಡುತ್ತಾಳೆಂದೂ ಗೊತ್ತಿಲ್ಲ. ಅಣ್ಣನ ಅನ್ಯಾಯದ ಹೆಸರನ್ನೇ ಎತ್ತಿಲ್ಲ. ಶಿಕ್ಷಕರ ದೂರು, ಹುಡುಗನ ದೂರು, ಬ್ಯಾಂಕಿನ ಗೆಳತಿಯ ದೂರು ಮೂರೂ ಅವರವರ ಸಲಹೆಯನ್ನು ಪಾಲಿಸದೆಯೇ ಸಡಿಲವಾಗುತ್ತವೆ.

ಇಂಥ ಜಾಗಗಳು ಬರೆದವರಿಗೇ ಏಕೆ ಕಾಣುವುದಿಲ್ಲ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕವಿರಾಜಮಾರ್ಗ ಇದಕ್ಕೆ ಉತ್ತರ ಕೊಟ್ಟಿದೆ: ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದು, ಹಾಗೆಯೇ ಕವಿ ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರ. ನಿಮಗೆ ಶಾಂತಕ್ಕನ ಇಡೀ ಬದುಕು ಗೊತ್ತು. ಹೀಗಾಗಿ ‘ಮನಸ್ಸು ಭಾರವಾಗಿತ್ತು’ ಎಂಬ ಎರಡು ಪದಗಳನ್ನು ಓದಿದಾಗಲೂ ನಿಮಗೆ ಆ ಭಾರವೆಲ್ಲ ಕಾಣುತ್ತದೆ, ಗುಂಪಿನಲ್ಲಿ ಕೂತವರಿಗೆ ಎರಡು ಪದಗಳಷ್ಟೇ ಕಾಣುತ್ತವೆ.

ಪ್ರಶ್ನೆ: ನಮ್ಮೂರಿನ ಕುಮಾರವ್ಯಾಸ ಹಲಗೆ ಬಳಪ ಹಿಡಿಯಲಿಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಎಂದು ತಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ನಿಜವಾದ ಪ್ರತಿಭೆ ಇದ್ದವರಿಗೆ ತಿದ್ದುವ ಅಗತ್ಯ ಇರುವುದಿಲ್ಲ, ತಿದ್ದಿ ತಿದ್ದಿ ಬರೆದದ್ದರಲ್ಲಿ ಜೀವ ಇರುವುದಿಲ್ಲ ಎಂದು ನನ್ನ ಭಾವನೆ. ತಾವೇನನ್ನುತ್ತೀರಿ? (ಓದುಗರೊಬ್ಬರು, ಗದಗ)

ಉತ್ತರ: ಗದುಗಿನವರು ಈ ಪ್ರಶ್ನೆ ಕೇಳುವುದು ಸಹಜವೇ. ವೀರನಾರಾಯಣನ ಗುಡಿಯಲ್ಲಿ ಮಿಂದು ಬಂದು, ಮೈಮೇಲಿನ ಒದ್ದೆಬಟ್ಟೆ ಆರುವವರೆಗೆ ಕಾವ್ಯ ಹೊಮ್ಮುತ್ತಿತ್ತು ಎಂಬ ಐತಿಹ್ಯವನ್ನು ಕೇಳಿಕೊಂಡೇ ಅಲ್ಲಿ ಮಕ್ಕಳು ಬೆಳೆಯುತ್ತಾರೆ.

ಆದರೆ ಆ ಪದ್ಯ ಎಲ್ಲಿ ಬರುತ್ತದೆ ನೋಡಿ: ಕಾವ್ಯದ ಪೀಠಿಕೆಯಲ್ಲಿ. ಪೀಠಿಕೆಯಲ್ಲಿ ಕವಿ ತನ್ನ ಬಲ್ಮೆಯನ್ನು ಸಾರಿಕೊಳ್ಳುವುದು ನಮ್ಮ ಕಾವ್ಯಗಳ ಸಂಪ್ರದಾಯ. ಜೊತೆಗೆ ಅದೇ ಪದ್ಯದ ಕೊನೆಯಲ್ಲಿ ಈ ಬಲುಹೆಲ್ಲ ವೀರನಾರಾಯಣನ ಕಿಂಕರನದು ಎಂಬ ವಿನಯವೂ ಇದೆ. ಹೇಳಿಕೆಯನ್ನು ಅಕ್ಷರಶಃ ನಂಬಿದರೂ ನಿಮ್ಮ ತರ್ಕ ನಿಲ್ಲುವುದಿಲ್ಲ. ಭಾಮಿನಿ ಷಟ್ಪದಿಯ ಮಾತ್ರೆಗಳ ಲೆಕ್ಕ, ಆದಿಪ್ರಾಸದ ಕಟ್ಟು, ಎಲ್ಲರೂ ಬಲ್ಲ ಭಾರತದ ಕತೆ, ಹಾಡಿ ಕೇಳಿಸುವ ಗಮಕದ ರೂಢಿ ಇಷ್ಟನ್ನೂ ಮೈಗೂಡಿಸಿಕೊಂಡವನು ಪದವನ್ನು ಬಾಯಿಗೆ ತರುವ ಮೊದಲೇ ಅಳಿಸಿ ತಿದ್ದಿಕೊಂಡಿರುತ್ತಾನೆ. ಹಲಗೆಯ ಮೇಲೆ ಅದರ ಗುರುತು ಬೀಳುವುದಿಲ್ಲ. ಇಂದಿನ ಸಣ್ಣಕತೆಗೆ ಮಾತ್ರೆಯ ಲೆಕ್ಕವೂ ಇಲ್ಲ, ಪ್ರಾಸವೂ ಇಲ್ಲ, ಮೊದಲೇ ಗೊತ್ತಿರುವ ಕಥೆಯೂ ಇಲ್ಲ. ತನ್ನ ಅಳತೆಯನ್ನು ಪ್ರತಿ ಕತೆಯೂ ತಾನೇ ಕಂಡುಕೊಳ್ಳಬೇಕು, ಅದು ಸಾಮಾನ್ಯವಾಗಿ ಮೊದಲ ಕರಡು ಮುಗಿದ ಮೇಲೆಯೇ ಕಾಣಿಸತೊಡಗುತ್ತದೆ.

ಗದ್ಯದವರ ಮಾತನ್ನೇ ಕೇಳಬೇಕೆಂದರೆ, ಅಮೆರಿಕದ ಹೆಮಿಂಗ್ವೇ ತನ್ನ ಯುದ್ಧಕಾಲದ ಪ್ರೇಮ ಕಾದಂಬರಿಯೊಂದರ ಕೊನೆಯ ಪುಟವನ್ನು 39 ಸಲ ಬರೆದೆ ಎಂದು 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹೇಳಿದ್ದಾನೆ. ಮುಂದೆ, 2012ರಲ್ಲಿ, ಆ ಕಾದಂಬರಿಯ ಆವೃತ್ತಿಯೊಂದರಲ್ಲಿ ಅವನು ಬರೆದು ಬಿಟ್ಟ ಮುಕ್ತಾಯಗಳೆಲ್ಲ ಅಚ್ಚಾದವು, ಲೆಕ್ಕ 47ಕ್ಕೆ ಏರಿತು. ಜನ ಅವನಲ್ಲಿ ಮೆಚ್ಚುವುದೇ ಸರಾಗವಾಗಿ, ಯಾವ ಶ್ರಮವೂ ಇಲ್ಲದಂತೆ ಹರಿಯುವ ಸಣ್ಣ ವಾಕ್ಯಗಳನ್ನು.

ತಿದ್ದಿದ್ದರಲ್ಲಿ ಜೀವ ಇರುವುದಿಲ್ಲ ಎಂಬ ನಿಮ್ಮ ಭಾವನೆಯಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ವಾಕ್ಯವನ್ನು ಅಲಂಕರಿಸುತ್ತ ಹೋಗುವುದನ್ನೇ ಹಲವರು ತಿದ್ದುವುದೆಂದು ತಿಳಿದಿದ್ದಾರೆ. ‘ಹೋದಳು’ ಇದ್ದದ್ದು ‘ಹೆಜ್ಜೆ ಹಾಕಿದಳು’ ಆಗುತ್ತದೆ, ಮರುದಿನ ‘ಭಾರವಾದ ಹೆಜ್ಜೆಗಳನ್ನಿಡುತ್ತ ಸಾಗಿದಳು’ ಆಗುತ್ತದೆ. ಹಾಗೆ ಮಾಡಿದರೆ ಕತೆ ಸಾಯುತ್ತದೆ, ಸಂಶಯವಿಲ್ಲ. ನಾನು ಹೇಳುವ ತಿದ್ದುವಿಕೆ ವಾಕ್ಯದ ಮಟ್ಟಕ್ಕೆ ಕೊನೆಯಲ್ಲಿ ಬರುತ್ತದೆ. ಮೊದಲು, ಈ ಕತೆಯನ್ನು ಯಾರು ಹೇಳುತ್ತಿದ್ದಾರೆ, ಇದು ಎಲ್ಲಿ ಶುರುವಾಗಬೇಕು, ಯಾವ ದೃಶ್ಯವನ್ನು ಬರೆಯಲು ಹೆದರಿ ಎರಡು ಸಾಲಿನ ಸಾರಾಂಶದಲ್ಲಿ ದಾಟಿಸಿದ್ದೇನೆ ಎಂಬ ಪ್ರಶ್ನೆಗಳು ಬಗೆಹರಿಯಬೇಕು. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಉಪಯುಕ್ತ. ‘ಅಂದು ರಾತ್ರಿ ಅವರಿಬ್ಬರ ನಡುವೆ ದೊಡ್ಡ ಜಗಳವಾಯಿತು’ ಎಂಬಂಥ ಸಾಲು ನಿಮ್ಮ ಕರಡಿನಲ್ಲಿದ್ದರೆ ಅದರ ಕೆಳಗೆ ಗೆರೆ ಎಳೆದು, ಆ ರಾತ್ರಿಯನ್ನು ಪೂರ್ತಿ ಬರೆದು ನೋಡಿ.

ಪ್ರಶ್ನೆ: ನಾನು ಕುಂದಾಪುರ ಕನ್ನಡದಲ್ಲಿ ಕತೆ ಬರೆಯುತ್ತೇನೆ. ಮಾತುಕತೆಯಲ್ಲಿ ಮಾತ್ರ ಆಡುನುಡಿ ಇರಲಿ, ನಿರೂಪಣೆ ಗ್ರಾಂಥಿಕ ಕನ್ನಡದಲ್ಲಿರಲಿ, ಇಲ್ಲದಿದ್ದರೆ ಘಟ್ಟದ ಮೇಲಿನವರಿಗೆ ಅರ್ಥವಾಗುವುದಿಲ್ಲ ಎಂದು ಗೆಳೆಯರೆಲ್ಲ ಹೇಳುತ್ತಾರೆ. (ಓದುಗರೊಬ್ಬರು, ಬೈಂದೂರು)

ಉತ್ತರ: ದೇವನೂರ ಮಹಾದೇವರ ಕುಸುಮಬಾಲೆ 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ನುಡಿಯಲ್ಲಿದ್ದ ಅದರ ನಿರೂಪಣೆಯನ್ನು ಓದಲು ಕಷ್ಟವೆಂದವರು ಕಡಿಮೆಯೇನಿರಲಿಲ್ಲ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಇಂದಿಗೂ ಜನ ಕಷ್ಟಪಟ್ಟೇ ಓದುತ್ತಾರೆ, ಓದಿ ಮೆಚ್ಚುತ್ತಾರೆ. ನಿಮ್ಮ ಗೆಳೆಯರು ಕುಂದಾಪುರದವರೇ ಆಗಿದ್ದು, ತಮಗೆ ಅರ್ಥವಾದದ್ದು ಇನ್ನೊಬ್ಬರಿಗೆ ಆಗಲಾರದೆಂದು ಊಹಿಸುತ್ತಿದ್ದರೆ ಆ ಊಹೆಗೆ ಬೆಲೆ ಕೊಡಬೇಡಿ. ಕತೆಯನ್ನು ಮಂಡ್ಯದವರಿಗೋ ಕಲಬುರಗಿಯವರಿಗೋ ಕೊಟ್ಟು, ಅರ್ಥವಾಗದೆ ಓದು ನಿಂತುಹೋದ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಲು ಹೇಳಿ. ಗುರುತುಗಳು ನೀವು ಹೆದರಿದ್ದಕ್ಕಿಂತ ಕಡಿಮೆಯೇ ಇರುತ್ತವೆ ಎಂದು ನನ್ನ ಅಂದಾಜು.

ಪ್ರಶ್ನೆ: ಪುಣೆಯಲ್ಲಿರುವ ನಾವು ಏಳೆಂಟು ಮಂದಿ ಕನ್ನಡಿಗರು ಕತೆಗಳನ್ನು ಚರ್ಚಿಸುವ ಗುಂಪೊಂದನ್ನು ಕಟ್ಟಬೇಕೆಂದಿದ್ದೇವೆ. ಮೊದಲ ಸಭೆಯಲ್ಲಿ ಒಬ್ಬರು ಕತೆ ಓದಿದರು, ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎಂದರು, ಅನಂತರ ತಿಂಡಿ ತಿಂದು ಎದ್ದೆವು. ಇದನ್ನು ಮುಂದುವರಿಸುವುದು ಹೇಗೆ? ನಿಯಮಗಳೇನಾದರೂ ಇವೆಯೆ? (ಓದುಗರೊಬ್ಬರು, ಪುಣೆ)

ಉತ್ತರ: ತಿಂಡಿಯನ್ನು ಬಿಡಬೇಡಿ, ಚರ್ಚೆ ಬಿಸಿಯಾದ ದಿನಗಳಲ್ಲಿ ಗುಂಪನ್ನು ಉಳಿಸುವುದು ಅದೇ.

ನಿಮ್ಮ ಮೊದಲ ತೊಡಕು ಓದಿ ಕೇಳಿಸಿದ್ದರಲ್ಲಿದೆ. ಕಥಾವಾಚನ ನಮ್ಮಲ್ಲಿ ಬೇರೂರಿದ ಪದ್ಧತಿ, ನನಗೂ ಅದು ಇಷ್ಟವೇ. ಆದರೆ ಒಳ್ಳೆಯ ಕಂಠ ಕೆಟ್ಟ ಪ್ಯಾರಾವನ್ನು ದಾಟಿಸಿಬಿಡುತ್ತದೆ, ಕೇಳುವವರು ಹಿಂದಿನ ಪುಟಕ್ಕೆ ತಿರುಗಿ ನೋಡುವಂತಿಲ್ಲ. ಕತೆಯ ಪ್ರತಿಯನ್ನು ಒಂದು ವಾರ ಮೊದಲೇ ಎಲ್ಲರಿಗೂ ಕೊಡಿ. ಎರಡು ಸಲ ಓದಿ, ಅಂಚಿನಲ್ಲಿ ಗುರುತು ಹಾಕಿಕೊಂಡು ಬರುವುದು ಕಡ್ಡಾಯವಾಗಲಿ. ಒಂದು ಸಭೆಗೆ ಎರಡು ಕತೆ ಸಾಕು.

ನಿಯಮದ ವಿಷಯಕ್ಕೆ ಬಂದರೆ, ಈ ಬಗೆಯ ಕಮ್ಮಟಗಳ ಮೂಲ ಅಮೆರಿಕದಲ್ಲಿದೆ. ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಕಮ್ಮಟದಿಂದ ಹಬ್ಬಿದ ರೂಢಿಯೆಂದರೆ, ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡಬಾರದು. ವೈಜ್ಞಾನಿಕ ಕತೆಗಾರರು 1956ರಲ್ಲಿ ಪೆನ್ಸಿಲ್ವೇನಿಯಾದ ಮಿಲ್‌ಫರ್ಡ್‌ನಲ್ಲಿ ಶುರುಮಾಡಿದ ಕೂಟದ ಹೆಸರಿನಲ್ಲಿ ಇನ್ನೊಂದು ಕ್ರಮ ಬಳಕೆಯಲ್ಲಿದೆ: ವೃತ್ತದಲ್ಲಿ ಕೂತವರು ಒಬ್ಬರಾದ ಮೇಲೆ ಒಬ್ಬರು ನಿಗದಿತ ನಿಮಿಷಗಳಷ್ಟೇ ಮಾತಾಡುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಎಲ್ಲರದೂ ಮುಗಿದ ಮೇಲೆ ಬರೆದವರು ಉತ್ತರಿಸುತ್ತಾರೆ. ನಮ್ಮವರಿಗೆ ಈ ಎರಡನೆಯದು ಬಹಳ ಒಗ್ಗುತ್ತದೆ ಎಂದು ನನಗನ್ನಿಸುತ್ತದೆ. ನಮ್ಮ ಸಭೆಗಳಲ್ಲಿ ಹಿರಿಯರೊಬ್ಬರು ಮೊದಲು ಮಾತಾಡಿ ತೀರ್ಪಿತ್ತರೆ ಉಳಿದವರು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಆದ್ದರಿಂದ ವೃತ್ತವನ್ನು ಯಾವಾಗಲೂ ಕಿರಿಯರಿಂದ ಶುರುಮಾಡಿ.

ಬರೆದವರು ಸುಮ್ಮನಿರಬೇಕೆಂಬ ನಿಯಮಕ್ಕೆ ಒಳ್ಳೆಯ ಕಾರಣವಿದೆ. ‘ನಾನು ಹೇಳಹೊರಟದ್ದು ಏನೆಂದರೆ’ ಎಂದು ಶುರುಮಾಡಿದ ಕೂಡಲೇ ಚರ್ಚೆ ಕಾಗದದ ಮೇಲಿನ ಕತೆಯನ್ನು ಬಿಟ್ಟು ಅವರ ತಲೆಯಲ್ಲಿರುವ ಕತೆಯ ಕಡೆಗೆ ಹೊರಳುತ್ತದೆ. ಆದರೆ ಈ ನಿಯಮಕ್ಕೆ ಒಂದು ಕ್ರೂರ ಮುಖವೂ ಇದೆ. ಗುಂಪಿನಲ್ಲಿ ಏಳು ಜನ ಒಂದೇ ಬಗೆಯ ಮನೆಗಳಿಂದ ಬಂದವರಿದ್ದು, ಎಂಟನೆಯವರು ದಲಿತ ಕೇರಿಯ ಬದುಕನ್ನೋ ದರ್ಗಾದ ಉರುಸನ್ನೋ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಆ ಏಳು ಜನ ತಮಗೆ ಗೊತ್ತಿಲ್ಲದ್ದನ್ನೆಲ್ಲ ಕತೆಯ ದೋಷವೆಂದು ಅರ್ಧ ಗಂಟೆ ಚರ್ಚಿಸುತ್ತಾರೆ, ಬಲ್ಲವರು ಮಾತ್ರ ಬಾಯಿ ಮುಚ್ಚಿ ಕೂರಬೇಕು. ಅಡಿಟಿಪ್ಪಣಿ ಹಾಕಿ, ಇದನ್ನು ವಿವರಿಸಿ, ಅದನ್ನು ಬಿಡಿಸಿ ಹೇಳಿ ಎಂಬ ಸಲಹೆಗಳ ಮಳೆ ಸುರಿಯುತ್ತದೆ. ಅವುಗಳನ್ನು ಪಾಲಿಸಿದರೆ ಆ ಕತೆ ಆ ಏಳು ಜನರಿಗಾಗಿ ಬರೆದದ್ದಾಗುತ್ತದೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ಇಂಥಲ್ಲಿ ಮೇಲು. ಅದರಲ್ಲಿ ಕೇಳುವವರು ಮೊದಲು ತಮ್ಮ ಮನಸ್ಸಿನಲ್ಲಿ ಉಳಿದದ್ದನ್ನು ಹೇಳುತ್ತಾರೆ, ಆಮೇಲೆ ಕೃತಿ ರಚಿಸಿದವರು ತಮಗೆ ಬೇಕಾದ ಪ್ರಶ್ನೆಗಳನ್ನು ಕೇಳುತ್ತಾರೆ, ಅನಂತರ ಕೇಳುವವರು ಅಭಿಪ್ರಾಯ ಬೆರೆಸದ ಪ್ರಶ್ನೆಗಳನ್ನು ಇಡುತ್ತಾರೆ. ಕೊನೆಯ ಹಂತದಲ್ಲಿ, ಒಪ್ಪಿಗೆ ಪಡೆದ ಮೇಲಷ್ಟೇ ಅಭಿಪ್ರಾಯ. ‘ಮುದುಕಿ ಏಕೆ ಅಷ್ಟು ಮಾತಾಡುತ್ತಾಳೆ?’ ಎಂಬುದು ಪ್ರಶ್ನೆಯ ವೇಷದಲ್ಲಿರುವ ದೂರು, ‘ಮುದುಕಿಯ ಮಾತನ್ನು ಆ ಹೊತ್ತಿನಲ್ಲಿ ಯಾರು ಕೇಳಿಸಿಕೊಳ್ಳುತ್ತಿದ್ದಾರೆ?’ ಎಂಬುದು ನಿಜವಾದ ಪ್ರಶ್ನೆ. ಎರಡನೆಯದನ್ನು ಕೇಳಿಸಿಕೊಂಡವರು ಮನೆಗೆ ಹೋಗಿ ಪೆನ್ನು ಹಿಡಿಯುತ್ತಾರೆ.

‘ಚೆನ್ನಾಗಿದೆ’ ಎಂದವರನ್ನು ಸುಮ್ಮನೆ ಬಿಡಬೇಡಿ. ಯಾವ ಪುಟ, ಯಾವ ಸಾಲು ಎಂದು ಕೇಳಿ. ತನ್ನ ಕತೆಯಲ್ಲಿ ಯಾವುದು ಕೆಲಸ ಮಾಡಿದೆ ಎಂಬುದು ಬರೆದವರಿಗೆ ಗೊತ್ತಾಗದಿದ್ದರೆ ತಿದ್ದುವಾಗ ಮೊದಲು ಕತ್ತರಿ ಬೀಳುವುದು ಅದರ ಮೇಲೆಯೇ.

ನಿಯಮಗಳೇ ಇಲ್ಲದೆಯೂ ಗುಂಪುಗಳು ನಡೆದಿವೆ ಎಂಬುದನ್ನೂ ಹೇಳಬೇಕು. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿನಲ್ಲಿ ಗೋಕಾಕ, ಮುಗಳಿ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮರಂಥವರಿದ್ದರು, ಅಲ್ಲಿ ಯಾರೂ ಗಡಿಯಾರ ಹಿಡಿದು ಕೂತಿರಲಿಲ್ಲ. ಅದೇ ಊರಿನಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಹಲವು ತಲೆಮಾರುಗಳ ಬರಹಗಾರರಿಗೆ ಹರಟೆಯ ಜಾಗವಾಗಿತ್ತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿ ಕೂತಿರುತ್ತಿದ್ದರು ಎಂಬುದೇ ಅಲ್ಲಿಗೆ ಬರುವ ಹಸ್ತಪ್ರತಿಗಳ ಮಟ್ಟವನ್ನು ಏರಿಸಲು ಸಾಕಾಗಿತ್ತು. ಇನ್ನು ಅನಂತಮೂರ್ತಿಯವರ ಪ್ರಸಂಗವಂತೂ ಕಮ್ಮಟದ ಯಾವ ವ್ಯಾಖ್ಯೆಗೂ ಸಿಗುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ತಮ್ಮ ಮಾರ್ಗದರ್ಶಕ ಮಾಲ್ಕಂ ಬ್ರಾಡ್‌ಬರಿಯವರೊಂದಿಗೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಚಲನಚಿತ್ರವೊಂದನ್ನು ನೋಡಿ, ಅದರ ಬಗ್ಗೆ ಮಾತಾಡಿದ್ದು ಸಂಸ್ಕಾರ ಬರೆಯಲು ಪ್ರೇರಣೆಯಾಯಿತೆಂದು ಸ್ವತಃ ಹೇಳಿಕೊಂಡಿದ್ದಾರೆ. ಬ್ರಾಡ್‌ಬರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ, ಕರಡು ಓದಿ ಸಲಹೆ ಕೊಡುವ ಮಾತೇ ಇಲ್ಲ. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆಗೂಡಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ಹೆಸರಾಂತ ಸೃಜನಶೀಲ ಬರವಣಿಗೆಯ ತರಗತಿಯನ್ನು ಶುರುಮಾಡಿದರು. ನಿಮ್ಮ ಪುಣೆಯ ಗುಂಪಿನಲ್ಲೂ ಕತೆಯಿಲ್ಲದ ತಿಂಗಳು ಬಂದರೆ ಸಭೆಯನ್ನು ರದ್ದುಮಾಡಬೇಡಿ. ಒಟ್ಟಿಗೆ ಒಂದು ಮರಾಠಿ ನಾಟಕಕ್ಕೆ ಹೋಗಿಬನ್ನಿ.

ಪ್ರಶ್ನೆ: ಗುಂಪಿನಲ್ಲಿ ಓದಿದ ಕತೆಯನ್ನು ಬೇರೆಯವರು ಕದ್ದು ಸ್ಪರ್ಧೆಗೆ ಕಳಿಸಿದರೆ ಏನು ಮಾಡುವುದು? (ಓದುಗರೊಬ್ಬರು, ತುಮಕೂರು)

ಉತ್ತರ: ವಸ್ತುವನ್ನು ಕದಿಯಬಹುದು, ನೀವು ಅದನ್ನು ಬರೆದ ರೀತಿಯನ್ನು ಕದಿಯುವುದು ಕಷ್ಟ. ದಿನಾಂಕವಿರುವ ಕರಡುಗಳನ್ನು ಎತ್ತಿಟ್ಟುಕೊಳ್ಳಿ. ಅಪ್ರಕಟಿತ ಕತೆಯನ್ನೇ ಕೇಳುವ ಸ್ಪರ್ಧೆಗಳಿರುವುದರಿಂದ ಗುಂಪಿನ ಪ್ರತಿಗಳು ಹೊರಗೆ ಹರಿದಾಡದಂತೆ ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಜಿಲ್ಲೆಯ ಹಿರಿಯ ಸಾಹಿತಿಯೊಬ್ಬರು ನನ್ನ ಕತೆಗಳನ್ನು ತಿದ್ದಿಕೊಡುತ್ತಾರೆ. ತಿದ್ದುವುದೆಂದರೆ ಪುಟಗಟ್ಟಲೆ ಹೊಡೆದುಹಾಕಿ, ತಾವೇ ಹೊಸದಾಗಿ ಬರೆದು, ಮುಕ್ತಾಯವನ್ನೂ ಬದಲಾಯಿಸುತ್ತಾರೆ. ಹಾಗೆ ತಿದ್ದಿದ ಕತೆಗೆ ಈಚೆಗೆ ಬಹುಮಾನವೂ ಬಂತು. ಜನ ಹೊಗಳುವ ಸಾಲುಗಳು ನನ್ನವಲ್ಲ. ಬೇಡ ಎನ್ನಲು ಧೈರ್ಯವಿಲ್ಲ, ಅವರ ಮೇಲೆ ಗೌರವವೂ ಇದೆ. (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ನಿಮ್ಮ ಸ್ಥಿತಿಯಲ್ಲಿ ಅಮೆರಿಕದ ರೇಮಂಡ್ ಕಾರ್ವರ್ ಇದ್ದ. ಅವನಿಗೆ ಹೆಸರು ತಂದುಕೊಟ್ಟ 1981ರ ಸಂಕಲನದ ಹಸ್ತಪ್ರತಿಯನ್ನು ಸಂಪಾದಕ ಗೋರ್ಡನ್ ಲಿಶ್ ಒಟ್ಟಾರೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ, ಶೀರ್ಷಿಕೆಗಳನ್ನೂ ಮುಕ್ತಾಯಗಳನ್ನೂ ಬದಲಿಸಿದ. ಪುಸ್ತಕ ಅಚ್ಚಿಗೆ ಹೋ­ಗುವ ಮುನ್ನ, 1980ರ ಜುಲೈ ತಿಂಗಳಲ್ಲಿ, ಕಾರ್ವರ್ ಅದನ್ನು ನಿಲ್ಲಿಸುವಂತೆ ಲಿಶ್‌ಗೆ ದೀರ್ಘ ಪತ್ರ ಬರೆದು ಅಂಗಲಾಚಿದ. ಪುಸ್ತಕ ನಿಲ್ಲಲಿಲ್ಲ. ವಿಮರ್ಶಕರು ಹಾಡಿಹೊಗಳಿದರು, ಅತಿ ಮಿತವಾದ ಮಾತಿನ ಕತೆಗಾರನೆಂಬ ಬಿರುದು ಅವನಿಗೆ ಅಂಟಿಕೊಂಡಿತು.

ಅದರಲ್ಲಿ ಒಂದು ಕತೆಯಿದೆ. ಮಗನ ಹುಟ್ಟುಹಬ್ಬಕ್ಕೆ ತಾಯಿ ಕೇಕ್ ಹೇಳಿಟ್ಟಿರುತ್ತಾಳೆ, ಅದೇ ದಿನ ಹುಡುಗನಿಗೆ ಕಾರು ಬಡಿದು ಆಸ್ಪತ್ರೆ ಸೇರುತ್ತಾನೆ, ಇದೇನೂ ತಿಳಿಯದ ಬೇಕರಿಯವನು ಕೇಕ್ ಒಯ್ಯಲಿಲ್ಲವೆಂದು ಫೋನ್ ಮಾಡುತ್ತಲೇ ಇರುತ್ತಾನೆ. ಲಿಶ್ ಕತ್ತರಿಸಿದ ರೂಪ ಫೋನು ಬಂದಲ್ಲಿಗೇ ನಿಂತುಬಿಡುತ್ತದೆ, ಹುಡುಗ ಉಳಿದನೋ ಇಲ್ಲವೋ ತಿಳಿಯುವುದಿಲ್ಲ. ಕಾರ್ವರ್ 1983ರ ಮುಂದಿನ ಸಂಕಲನದಲ್ಲಿ ಅದರ ದೀರ್ಘ ರೂಪವನ್ನು ಅಚ್ಚುಮಾಡಿಸಿದ. ಅದರಲ್ಲಿ ಹುಡುಗ ಸಾಯುತ್ತಾನೆ, ತಂದೆತಾಯಿ ರಾತ್ರೋರಾತ್ರಿ ಬೇಕರಿಗೆ ನುಗ್ಗುತ್ತಾರೆ, ವಿಷಯ ತಿಳಿದ ಬೇಕರಿಯವನು ಕ್ಷಮೆ ಕೇಳಿ, ಕುರ್ಚಿ ಹಾಕಿ ಕೂರಿಸಿ, ಬಿಸಿ ಬ್ರೆಡ್ಡು ತಿನ್ನಲು ಕೊಡುತ್ತಾನೆ. ಮೊದಲನೆಯದು ಓದುಗನನ್ನು ಬೆಚ್ಚಿಬೀಳಿಸುವ ಕತೆ, ನುರಿತ ಕೈಯ ಕೆಲಸ. ಎರಡನೆಯದು ಕಾರ್ವರ್ ಬರೆಯಬೇಕೆಂದಿದ್ದ ಕತೆ. ನನಗೆ ಎರಡನೆಯದೇ ಹೆಚ್ಚು ಎಂದು ಹೇಳಿಬಿಡುತ್ತೇನೆ, ಲಿಶ್‌ನ ಕತ್ತರಿಯೇ ಸರಿ ಎನ್ನುವ ಒಳ್ಳೆಯ ಓದುಗರೂ ಇದ್ದಾರೆ. ಕಾರ್ವರ್ 1988ರಲ್ಲಿ ತೀರಿಕೊಂಡ, ಆ ಸಂಕಲನ ಅವನು ಬರೆದ ಮೂಲರೂಪದಲ್ಲಿ ಹೊರಬಂದದ್ದು 2009ರಲ್ಲಿ.

ನೀವು ಅಷ್ಟು ಕಾಯಬೇಕಾಗಿಲ್ಲ. ಬಹುಮಾನ ಬಂದ ಕತೆಯ ನಿಮ್ಮ ಮೂಲ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿ ಬದಲಾವಣೆಗೂ ಅವರು ಏಕೆ ಹಾಗೆ ಮಾಡಿರಬಹುದೆಂದು ಅಂಚಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಎಷ್ಟೋ ಕಡೆ ಅವರು ಮುಟ್ಟಿದ ಜಾಗ ಸರಿಯಾಗಿಯೇ ಇರುತ್ತದೆ, ಅವರು ತುಂಬಿದ ವಾಕ್ಯ ಮಾತ್ರ ಅವರದು. ಅಲ್ಲಿ ನಿಮ್ಮ ವಾಕ್ಯವನ್ನು ಬರೆದು, ಸಂಕಲನ ತರುವಾಗ ಆ ರೂಪವನ್ನೇ ಸೇರಿಸಿ. ಗೌರವ ಕೆಡದಂತೆ ಬೇಡ ಎನ್ನುವುದಕ್ಕೂ ದಾರಿಯಿದೆ. ಮುಂದಿನ ಕತೆಯನ್ನು ಒಯ್ಯುವಾಗ, ‘ಸರ್, ಈ ಸಲ ನೀವು ಬರೆದುಕೊಡುವುದು ಬೇಡ, ಓದು ತಡೆದ ಕಡೆ ಒಂದು ಗೆರೆ ಎಳೆದುಕೊಡಿ, ನಾನೇ ಒದ್ದಾಡಿ ನೋಡುತ್ತೇನೆ’ ಎಂದು ಕೇಳಿಕೊಳ್ಳಿ. ಒಳ್ಳೆಯ ಹಿರಿಯರಾಗಿದ್ದರೆ ಅವರಿಗೆ ಇದರಿಂದ ಸಂತೋಷವೇ ಆಗುತ್ತದೆ, ಕೆಲಸವೂ ಕಡಿಮೆಯಾಗುತ್ತದೆ. ಅವರು ಅದಕ್ಕೆ ಒಪ್ಪದೆ ಮತ್ತೆ ಪುಟಗಟ್ಟಲೆ ಬರೆದುಕೊಟ್ಟರೆ, ಅನಂತರದ ಕತೆಗಳನ್ನು ಅಚ್ಚಾದ ಮೇಲೆ ತೆಗೆದುಕೊಂಡು ಹೋಗಿ ತೋರಿಸಿ.